ಸಾಮಾನ್ಯ ಶೀತವೋ, ಫ್ಲೂ ಜ್ವರವೋ ಎಂದು ತಿಳಿಯುವುದು ಹೇಗೆ?

ಆರಂಭವಾದ ರೀತಿಯಿಂದಲೇ ಬಹುಮಟ್ಟಿಗೆ ತಿಳಿಯಬಹುದು: ಶೀತವು ಗಂಟಲ ಕೆರೆತ, ಸೀನು, ಸೋರುವ ಮೂಗು ಎಂದು ಒಂದೆರಡು ದಿನಗಳಲ್ಲಿ ಮೆಲ್ಲನೆ ಏರಿದರೆ, ಫ್ಲೂ ಬೆಳಿಗ್ಗೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದವರನ್ನು ಸಂಜೆಯೊಳಗೆ ಚಳಿ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮೈಕೈ ನೋವುಗಳಿಂದ ಮಲಗಿಸಿಬಿಡುತ್ತದೆ. ಶೀತಕ್ಕೆ ಮುಖ್ಯ ಕಾರಣವಾದ ರೈನೋವೈರಸ್ ಸುಮಾರು 33 ಡಿಗ್ರಿಯಷ್ಟು ತಂಪಾಗಿರುವ ಮೂಗಿನಲ್ಲಿ ಚೆನ್ನಾಗಿ ಬೆಳೆಯುವುದರಿಂದ ಉಪದ್ರವ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಫ್ಲೂ ವೈರಸ್ ಶ್ವಾಸನಾಳಕ್ಕೂ ಇಳಿಯುತ್ತದೆ. ಅದನ್ನು ಎದುರಿಸಲು ದೇಹವು ರಕ್ತಕ್ಕೆ ಬಿಡುವ ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳೇ ಆ ಜ್ವರವನ್ನೂ ನೋವನ್ನೂ ತರುತ್ತವೆ. ಆದರೆ ಕಾಸರಗೋಡಿನ ಮಳೆಗಾಲದಲ್ಲಿ ಇಲಿಜ್ವರ, ಡೆಂಗಿಗಳೂ ಹೀಗೆಯೇ ಶುರುವಾಗುವುದರಿಂದ, ಕೆಮ್ಮು ನೆಗಡಿಯಿಲ್ಲದ ಜೋರು ಜ್ವರವನ್ನು ಫ್ಲೂ ಎಂದೇ ಭಾವಿಸಿ ಶುಂಠಿ ಕಷಾಯ ಕುಡಿದು ಕೂರದೆ ವೈದ್ಯರಲ್ಲಿಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು.