ಆಪ್ತಸಲಹೆ ಪ್ರಕರಣ: ‘ಮಗಳನ್ನು ಎತ್ತಿಕೊಳ್ಳಬಹುದಾ?’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆಗೆ ಬಂದ ಆ ವ್ಯಕ್ತಿಗೆ 35ರ ಆಸುಪಾಸು. ಯಾವ ತೊಂದರೆಯೂ ಇರಲಿಲ್ಲ. ಕೆಲಸಕ್ಕೆ ಸೇರುವ ಮುಂಚಿನ ತಪಾಸಣೆಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ‘ಸೈನಸ್ ಆಫ್ ವಾಲ್ಸಾಲ್ವಾ ಅನ್ಯೂರಿಸಂ, ಒಡೆದಿಲ್ಲ’ ಎಂದು ವರದಿ ಬಂತು. ಉಬ್ಬು ಚಿಕ್ಕದು, ಸದ್ಯಕ್ಕೆ ಗಮನಿಸುತ್ತಿರೋಣ ಎಂದರು ಹೃದ್ರೋಗ ತಜ್ಞರು. ಇವರ ತಲೆಯಲ್ಲಿ ಉಳಿದದ್ದು ‘ಒಡೆಯುವುದು’ ಮಾತ್ರ.

ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿ ಹೃದಯದಿಂದ ಹೊರಡುವ ಕಡೆ, ಕವಾಟದ ಎಲೆಗಳ ಹಿಂದೆ ಸಾಮಾನ್ಯವಾಗಿ ಮೂರು ಪುಟ್ಟ ಉಬ್ಬುಗಳು ಎಲ್ಲರಿಗೂ ಇರುತ್ತವೆ, ಇವೇ ಸೈನಸ್ ಆಫ್ ವಾಲ್ಸಾಲ್ವಾ. ಅಲ್ಲಿನ ಗೋಡೆ ಕೆಲವರಿಗೆ ಹುಟ್ಟಿನಿಂದಲೇ ತೆಳು. ರಕ್ತದ ಒತ್ತಡಕ್ಕೆ ಅದು ವರ್ಷಗಟ್ಟಲೆ ಹಿಗ್ಗುತ್ತಾ ಹೋಗುತ್ತದೆ, ಅದೇ ಅನ್ಯೂರಿಸಂ. ಹೀಗೆ ಹಿಗ್ಗುವುದು ಹೆಚ್ಚಾಗಿ ಬಲಭಾಗದ ಉಬ್ಬು. ಒಡೆದರೆ ರಕ್ತ ಹೆಚ್ಚಾಗಿ ಹೃದಯದ ಪಕ್ಕದ ಕೋಣೆಗೆ ನುಗ್ಗುತ್ತದೆ, ಆಗ ಆಪರೇಷನ್ ಮಾಡಿಯೋ ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆ) ಮೂಲಕವೋ ಮುಚ್ಚುತ್ತಾರೆ.

ನನ್ನೆದುರು ಕೂತಿದ್ದಾಗಲೂ ನಾಡಿ ನೋಡುತ್ತಿದ್ದ ಅವರ ಎರಡು ಬೆರಳು ಮಣಿಕಟ್ಟು ಬಿಡಲಿಲ್ಲ. ಪುಟ್ಟ ಮಗಳು ಕೈ ಚಾಚಿದರೆ ‘ಬೆನ್ನು ನೋವು’ ಅಂತ ತಪ್ಪಿಸಿಕೊಳ್ಳುತ್ತಿದ್ದರು. ಹೆಂಡತಿಗೆ ಏನೂ ಹೇಳಿರಲಿಲ್ಲ. ‘ಇವರಿಗೆ ನನ್ನ ಮೇಲೇ ಏನೋ ಬೇಸರ’ ಅಂತ ಆಕೆ ಕೊರಗುತ್ತಿದ್ದರಂತೆ.

‘ಏನೂ ಆಗಲ್ಲ ಬಿಡಿ’ ಅಂತ ನಾನು ಹೇಳಲಿಲ್ಲ. ಅದನ್ನು ಹೇಳೋಕೆ ನಾನು ಯಾರು? ಒಂದು ಹಾಳೆ ಕೊಟ್ಟೆ, ಡಾಕ್ಟರಿಗೆ ಕೇಳಬೇಕಾದ್ದನ್ನೆಲ್ಲ ಬರೆಯಿಸಿದೆ. ಉಬ್ಬಿನ ಅಳತೆ ಎಷ್ಟು, ಕವಾಟ ಸೋರುತ್ತಿದೆಯಾ, ಮುಂದಿನ ಎಕೋ ಯಾವಾಗ, ಬಿಪಿ ಎಷ್ಟಿರಬೇಕು, ಎಷ್ಟು ಭಾರ ಎತ್ತಬಹುದು. ಕೊನೆಯಲ್ಲಿ ತಾವಾಗಿಯೇ ‘ಮಗಳನ್ನು ಎತ್ತಿಕೊಳ್ಳಬಹುದಾ?’ ಅಂತ ಸೇರಿಸಿದರು. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಅದೇ ಮುಖ್ಯ ಪ್ರಶ್ನೆ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ದಿಢೀರ್ ಎದೆನೋವು, ಏದುಸಿರು, ತಲೆಸುತ್ತಿ ಬೀಳುವುದು, ನಿಲ್ಲದ ಎದೆಬಡಿತ, ಇವು ಬಂದರೆ ‘ಇದು ನನ್ನ ಗಾಬರಿ’ ಅಂತ ಸುಮ್ನೆ ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಉಳಿದ ಹೊತ್ತಿನಲ್ಲಿ ನಾಡಿ ಹಿಡಿಯಬೇಕು ಅನಿಸಿದಾಗ ಹತ್ತು ನಿಮಿಷ ತಡ ಮಾಡಿ ನೋಡಿ. ರಾತ್ರಿ ಹೊತ್ತು ಇಂಟರ್‌ನೆಟ್ಟಿನಲ್ಲಿ ಹುಡುಕಾಟ ಬೇಡ. ಹೆಂಡತಿಗೆ ಇವತ್ತೇ ಹೇಳಿ.

ಮುಂದಿನ ಸಲ ಇಬ್ಬರೂ ಬಂದರು. ಮಗಳನ್ನು ಎತ್ತಿಕೊಳ್ಳಲು ಡಾಕ್ಟರ್ ಒಪ್ಪಿದ್ದರು. ಉಸಿರು ಬಿಗಿಹಿಡಿದು ಭಾರ ಎತ್ತುವುದು ಮಾತ್ರ ಬೇಡ ಎಂದಿದ್ದರು. ಹೆಂಡತಿಗೆ ಸಿಟ್ಟು ಬಂದಿತ್ತು, ಕಾಯಿಲೆಗಲ್ಲ, ಮುಚ್ಚಿಟ್ಟಿದ್ದಕ್ಕೆ. ಆ ಭೇಟಿ ಪೂರ್ತಿ ಅದಕ್ಕೇ ಹೋಯಿತು, ಹೋಗಬೇಕಾದ್ದೂ ಹೌದು.

ನಾಡಿ ನೋಡುವ ಚಟ ಇನ್ನೂ ಪೂರ್ತಿ ಬಿಟ್ಟಿಲ್ಲ. ಎಕೋ ದಿನ ಹತ್ತಿರ ಬಂದಾಗ ಜಾಸ್ತಿಯಾಗುತ್ತದೆ. ಹಾಗಾಗಿ ಅದರ ಹಿಂದಿನ ವಾರವೇ ಒಂದು ಭೇಟಿ ಇಟ್ಟುಕೊಂಡಿದ್ದೇವೆ.