ಆರ್ಕ್ಟಿಕ್ ತುಂಡ್ರಾದಲ್ಲಿ ಗೂಡು ಕಟ್ಟಿರುವ ಹಕ್ಕಿಗಳ ಫೋಟೋ ತೆಗೆಯುವುದು ಹೇಗೆ?

ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೆ, ಲಾಂಗ್‌ಇಯರ್‌ಬೈನ್ ಊರಿಗೆ ಹೋಗಿ. ಜೂನ್ ಮಧ್ಯದಿಂದ ಜುಲೈ ಆರಂಭದವರೆಗೆ ಸರಿಯಾದ ಕಾಲ. ಆಗ ಸೂರ್ಯ ಮುಳುಗುವುದೇ ಇಲ್ಲ. ಆದ್ದರಿಂದ ಹಗಲು ಮಲಗಿ, ಬಿಸಿಲು ಓರೆಯಾಗಿ ಬೀಳುವ ರಾತ್ರಿ ಹನ್ನೊಂದರಿಂದ ಮೂರರ ನಡುವೆ ಕ್ಯಾಮೆರಾ ಹಿಡಿಯಿರಿ.

ಊರಂಚಿನಲ್ಲಿ ಸ್ಲೆಡ್ (ಹಿಮದ ಮೇಲಿನ ಜಾರುಬಂಡಿ) ಎಳೆಯುವ ನಾಯಿಗಳನ್ನು ಕಟ್ಟುವ ದೊಡ್ಡಿಯ ಪಕ್ಕದಲ್ಲೇ ಐಡರ್ ಬಾತುಗಳು ಗುಂಪಾಗಿ ಗೂಡು ಮಾಡುತ್ತವೆ. ನಾಯಿಗಳಿದ್ದಲ್ಲಿಗೆ ನರಿ ಬರಲು ಅಂಜುತ್ತದಲ್ಲ, ಬಾತುಗಳ ಜಾಣತನವೇ ಅದು! ರಸ್ತೆ ಬಿಟ್ಟು ಇಳಿಯಬೇಡಿ. 400–600 ಮಿ.ಮೀ. ಲೆನ್ಸ್ ಹಾಕಿ, ಕುಕ್ಕರಗಾಲಿನಲ್ಲಿ ಕುಳಿತು ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆಯಿರಿ. ತಾನಾಗಿ ಎದ್ದು ಹೋಗುವ ಹೆಣ್ಣುಬಾತು ಮೊಟ್ಟೆಗಳ ಮೇಲೆ ತನ್ನದೇ ತುಪ್ಪುಳ ಹೊದಿಸಿ ಹೋಗುತ್ತದೆ. ಬೆದರಿ ಹಾರಿದರೆ ಅದಕ್ಕೆ ಪುರುಸೊತ್ತಿಲ್ಲ. ಹೊಂಚು ಹಾಕಿ ಕುಳಿತ ಗಲ್ ಹಕ್ಕಿ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. ಅಂಥ ಚಿತ್ರ ಎಷ್ಟು ಚೆನ್ನಾಗಿದ್ದರೇನು?

ಆರ್ಕ್ಟಿಕ್ ಟರ್ನ್ ಎಂಬ ಕಡಲಹಕ್ಕಿಗಳು ಮಾತ್ರ ಬೆದರುವ ಪೈಕಿ ಅಲ್ಲ, ನೇರ ನೆತ್ತಿಗೇ ಕುಕ್ಕುತ್ತವೆ. ಒಂದು ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು, ಬಂದ ದಾರಿಯಲ್ಲೇ ಹಿಂದಿರುಗಿ. ಊರಿನಾಚೆ ಹೋಗುವುದಾದರೆ ಬಂದೂಕುಧಾರಿ ಗೈಡ್ ಜೊತೆಗಿರಲಿ, ಅಲ್ಲಿ ಹಿಮಕರಡಿಗಳಿವೆ.