ಸೋಲದ ತಂಡಕ್ಕೆ ಸಿಗದ ಆಹ್ವಾನ

ಪ್ರಶ್ನೆ: 1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಒಂದೂ ಪಂದ್ಯ ಸೋಲದಿದ್ದರೂ ಅದನ್ನು ಬೌಲ್ ಪಂದ್ಯಕ್ಕೆ (ಋತುವಿನ ಕೊನೆಯಲ್ಲಿ ಆಯ್ದ ಕಾಲೇಜು ತಂಡಗಳನ್ನು ಆಹ್ವಾನಿಸಿ ನಡೆಸುವ ಪಂದ್ಯ) ಕರೆಯಲಿಲ್ಲವೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಜೋ ಕುಹಾರಿಚ್ ತರಬೇತಿಯ ಆ ತಂಡ ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದಿತ್ತು. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ಆ ಓಟದಲ್ಲಿ ಒಲಿ ಮ್ಯಾಟ್ಸನ್ 1,566 ಗಜ ಕ್ರಮಿಸಿ, ಆ ವರ್ಷ ದೇಶದ ಕಾಲೇಜು ಆಟಗಾರರಲ್ಲೇ ಮೊದಲಿಗರಾದರು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ ಜಿನೊ ಮಾರ್ಕೆಟಿಯೂ ಇದೇ ತಂಡದವರು. ಆದರೆ ವರ್ಣಭೇದ ಬೇರೂರಿದ್ದ ದಕ್ಷಿಣ ರಾಜ್ಯಗಳ ಬೌಲ್ ಪಂದ್ಯದಲ್ಲಿ ಆಡಬೇಕಾದರೆ ಕಪ್ಪು ಆಟಗಾರರಾದ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್ ಅವರನ್ನು ಬಿಟ್ಟು ಬರಬೇಕೆಂಬ ಸೂಚನೆ ಬಂದಾಗ, ಬಿಳಿಯ ಸಹ ಆಟಗಾರರು ಅದನ್ನು ಸಾರಾಸಗಟಾಗಿ ತಿರಸ್ಕರಿಸಿದರು. ಬೌಲ್ ಪಂದ್ಯದ ಹಣ ಕೈತಪ್ಪಿದರೆ ತಂಡ ಉಳಿಯುವುದೇ ಕಷ್ಟ ಎಂಬ ಸ್ಥಿತಿಯಲ್ಲಿ ತೆಗೆದುಕೊಂಡ ಈ ನಿಲುವು, ನನ್ನ ದೃಷ್ಟಿಯಲ್ಲಿ, ಒಂಬತ್ತು ಗೆಲುವುಗಳಿಗಿಂತ ದೊಡ್ಡದು. ಋತು ಮುಗಿದ ಬಳಿಕ, ಆರ್ಥಿಕ ಮುಗ್ಗಟ್ಟಿನಿಂದ ವಿಶ್ವವಿದ್ಯಾಲಯವು ಫುಟ್‌ಬಾಲನ್ನೇ ಕೈಬಿಟ್ಟಿತು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದರು. ಟೋಲರ್ 1965ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಮೊದಲ ಕಪ್ಪು ಪಂದ್ಯಾಧಿಕಾರಿಯಾದರು.